‘ಫೇರ್’ ಎಂಬ ವಿಶೇಷಣದ ವಿಚಾರ

ಪರಭಾಷೆಯಿಂದ ಬಂದು ನಮ್ಮ ಮನೆಗಳಲ್ಲಿ ನೆಲೆಸಿರುವ ಶಬ್ದಗಳಲ್ಲಿ ಎರಡು ಬಗೆಯುಂಟು. ರೈಲು, ಟಿಕೀಟು, ಸ್ಲೇಟು ಮೊದಲಾದವು ಒಂದೊಂದು ಪದಾರ್ಥದೊಡನೆ ಬಂದವು; ಆ ಪದಾರ್ಥವಿರುವವರೆಗೆ ಇರುತ್ತವೆ; ಅವುಗಳಿಂದ ಯಾರ ಮನಸ್ಸಿಗೂ ನೋವಿಲ್ಲ. ಇನ್ನು ಕೆಲವು ಗುಣವಾಚಕಗಳು. ಇವು ಬರುವಾಗ ಪದಾರ್ಥವನ್ನು ತರುವುದಿಲ್ಲ. ಪದಾರ್ಥಗಳನ್ನೂ ಮನುಷ್ಯರನ್ನೂ ಅಳೆಯುವ ಅಳತೆಗೋಲನ್ನು ತರುತ್ತವೆ. ಅಳತೆಗೋಲು ಒಳಕ್ಕೆ ಬಂದಮೇಲೆ ಅದರಿಂದ ಅಳೆಯಿಸಿಕೊಳ್ಳತಕ್ಕವರು ಮನೆಯವರೇ. ಆದುದರಿಂದ ಇಂಥ ಶಬ್ದಗಳ ಕುಲಗೋತ್ರಗಳನ್ನು ವಿಚಾರಿಸುವುದು ಬರಿಯ ಪಾಂಡಿತ್ಯದ ವಿನೋದವಲ್ಲ. ಗೃಹಸ್ಥನ ಕರ್ತವ್ಯವೂ ಅಹುದು. ಅಂಥದೊಂದು ಶಬ್ದವನ್ನು ಪ್ರಕೃತ ಲೇಖನದಲ್ಲಿ ಎತ್ತಿಕೊಂಡಿದೆ. ಅದು ಇಂಗ್ಲಿಷಿನ ‘ಫೇರ್’.

ಈ ಶಬ್ದವು ನಮ್ಮಲ್ಲಿಗೆ ನಾಲ್ಕು ಬಾಗಿಲುಗಳಿಂದ ಬಂದಿದೆ. ಮೊದಲನೆಯದು ಪಾಠಶಾಲೆಯ ಬಾಗಿಲು. ಹುಡುಗನು ಒರಟಾಗಿ ಬರೆದುದನ್ನು ತಿದ್ದಿ ಮತ್ತೆ ಅಂದವಾಗಿ ಬರೆದರೆ ಅದು ‘ಫೇರ್ ಕಾಪಿ’; ಅದೇ ಹುಡುಗನ ಪ್ರಗತಿಪತ್ರದಲ್ಲಿ ಉಪಾಧ್ಯಾಯರು ‘ಫೇರ್’ ಎಂದು ಬರೆದರೆ ಅವನು ಉತ್ತಮನೂ ಅಲ್ಲ, ಅಧಮನೂ ಅಲ್ಲ, ಸುಮಾರು ಎಂದರ್ಥ. ಎರಡನೆಯದು ಆಟದ ಬಯಲಿನದು; ಅಲ್ಲಿ ಮೋಸವಿಲ್ಲದ ಆಟವೇ ‘ಫೇರ್’. ಮೂರನೆಯದು ಅಂಗಡಿಯದು. ಪಡಿತರದ ಅಕ್ಕಿ ಕೊಡುವ ‘ಫೇರ್ ಪ್ರೈಸ್ ಷಾಪ್’ ನಮ್ಮ ಊರುಗಳ ಫಲಕಗಳಲ್ಲಿ ‘ನ್ಯಾಯಬೆಲೆ ಅಂಗಡಿ’ ಎಂದು ಕನ್ನಡವಾಗಿದೆ. ಭಾಷಾಂತರಿಸಿದವರು ಯಾರೇ ಆಗಲಿ, ಚೆನ್ನಾಗಿ ಮಾಡಿದ್ದಾರೆ. ನಾಲ್ಕನೆಯದು ವಿವಾಹದ ಬಾಗಿಲು. ವರನ ಕಡೆಯವರು ವೃತ್ತಪತ್ರಿಕೆಗೆ ಕಳುಹಿಸುವ ಪ್ರಕಟನೆಯಲ್ಲಿ ವಧುವು ವಿದ್ಯಾವತಿಯಾಗಿರಬೇಕು, ಇಂಥ ಗೋತ್ರದವಳಾಗಿರಬೇಕು ಎಂಬುದರ ಜತೆಗೆ ‘ಫೇರ್’ ಆಗಿರಬೇಕು ಎಂದೂ ಇರುತ್ತದೆ. ಇಲ್ಲಿ ಅದಕ್ಕೆ ನ್ಯಾಯವೂ ಅರ್ಥವಲ್ಲ, ಸುಮಾರೂ ಅರ್ಥವಲ್ಲ. ಮೈಬಣ್ಣದ ಬಿಳುಪು ಅರ್ಥ.

ಒಂದು ಶಬ್ದಕ್ಕೆ ಅನೇಕ ಅರ್ಥಗಳಿರುವುದು ದೋಷವಲ್ಲ. ‘ಗೋ’ ಶಬ್ದಕ್ಕೆ ಹಸುವೆಂದೂ ಭೂಮಿಯೆಂದೂ ವಾಣಿಯೆಂದೂ ಅರ್ಥವಿದೆ. ಅದರಿಂದ ಯಾವ ಹಸುವಿಗೂ ಅಪಕಾರವಾಗಿಲ್ಲ. ಆದರೆ ನ್ಯಾಯವನ್ನೂ ಬಿಳುಪನ್ನೂ ಒಂದೇ ಶಬ್ದವು ಹೇಳುವಾಗ ಆ ಎರಡು ಅರ್ಥಗಳು ಒಂದನ್ನೊಂದು ಮುಟ್ಟದೆ ದೂರದಲ್ಲಿ ಕುಳಿತಿರುತ್ತವೆಯೇ, ಅಥವಾ ಒಂದರ ಗೌರವವು ಇನ್ನೊಂದಕ್ಕೆ ಗೊತ್ತಾಗದಂತೆ ಹರಿದುಬಿಡುತ್ತದೆಯೇ? ಪ್ರಶ್ನೆ ಇದು. ಪಾಠ ಹೇಳುತ್ತಿದ್ದ ಕಾಲದಲ್ಲಿ ಪ್ರೌಢಶಾಲೆಯ ಹುಡುಗಿಯೊಬ್ಬಳು ಇದನ್ನೇ ನನ್ನಲ್ಲಿ ಬೇರೆ ರೀತಿಯಾಗಿ ಕೇಳಿದಳು: “ಮೇಷ್ಟರೆ, ನಮ್ಮಕ್ಕನನ್ನು ನೋಡಿಹೋದವರು ಅವಳು ಫೇರ್ ಇಲ್ಲವೆಂದು ಹೇಳಿಕಳುಹಿಸಿದರು. ಹಾಗಾದರೆ ಅನ್‌ಫೇರ್ ಆದವರು ಯಾರು? ಅಕ್ಕನೋ, ಅವರೋ?” ತರಗತಿಯು ನಕ್ಕಿತು, ಕೇಳಿದವಳು ನಗಲಿಲ್ಲ. ಅವಳ ಮಾತಿನಲ್ಲಿದ್ದ ಶ್ಲೇಷೆಯನ್ನು ಯಾವ ಅಲಂಕಾರಿಕನೂ ಮೆಚ್ಚುವನು. ಆದರೆ ಅದು ಅಲಂಕಾರಕ್ಕಾಗಿ ಆಡಿದ ಮಾತಾಗಿರಲಿಲ್ಲ. ಅದಕ್ಕೆ ತಕ್ಕ ಉತ್ತರ ಹೇಳಬೇಕಾದರೆ ಶಬ್ದದ ಮೂಲಕ್ಕೆ ಹೋಗಬೇಕು.

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದದ ರೂಪ ‘ಫೇಗರ್’ ಎಂಬಂತಿತ್ತು. ಅದಕ್ಕೆ ಕಣ್ಣಿಗೆ ಹಿತವಾದದ್ದು, ಸುಂದರವಾದದ್ದು ಎಂಬುದು ಅರ್ಥ. ಅದರ ಜ್ಞಾತಿಯಾದ ಗಾಥಿಕ ಭಾಷೆಯ ಶಬ್ದಕ್ಕೆ ತಕ್ಕದ್ದು, ಹೊಂದಿಕೆಯಾದದ್ದು ಎಂಬ ಅರ್ಥವಿದೆ. ಆದುದರಿಂದ ಹೊಂದಿಕೆಯೇ ಇದರ ಬೇರು ಎಂದು ಹೇಳಬಹುದು. ಹೊಂದಿದ್ದು ಚೆಲುವಾಯಿತು, ಮಳೆಯಿಲ್ಲದ ಹಗಲು ಹಿತವಾದುದರಿಂದ ಹವೆಯೂ ‘ಫೇರ್’ ಆಯಿತು. ಹದಿಮೂರನೆಯ ಶತಮಾನದ ಸುಮಾರಿಗೆ ಈ ಕಾಂಡದಿಂದ ಎರಡು ಕೊಂಬೆಗಳು ಒಡೆದುವು. ಬಿಳಿಯ ಮೈ, ಹೊಂಬಣ್ಣದ ಕೂದಲು ಇವೇ ಚೆಲುವೆಂದು ಆ ಜನರು ತಿಳಿದದ್ದರಿಂದ ಚೆಲುವಿನ ಹೆಸರು ಬಣ್ಣಕ್ಕೆ ನಿಂತಿತು; ಇದು ಒಂದು. ನಡತೆಯಲ್ಲಿ ಹೊಂದಿಕೆ, ಹಂಚುವುದರಲ್ಲಿ ಪಕ್ಷಪಾತವಿಲ್ಲದಿರುವಿಕೆ ಎಂಬುದು ಇನ್ನೊಂದು. ಸುಮಾರು, ಸಾಧಾರಣ ಎಂಬ ಅರ್ಥವು ಬಹಳ ಈಚಿನದು, ಹತ್ತೊಂಬತ್ತನೆಯ ಶತಮಾನದ್ದು. ಜಾತ್ರೆಗೆ ‘ಫೇರ್’ ಎನ್ನುವರಷ್ಟೆ. ಅದು ಉತ್ಸವದ ದಿನವನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಬಂದ ಬೇರೆಯೇ ಪದ. ನಂಜನಗೂಡಿನ ಜಾತ್ರೆಗೂ ಈ ವಿಚಾರಕ್ಕೂ ಸಂಬಂಧವಿಲ್ಲ.

ಎರಡು ಕೊಂಬೆಗಳೂ ಒಂದೇ ಮರದವಾದುದರಿಂದ ಗಾಳಿ ಬೀಸಿದಾಗ ಒಂದಕ್ಕೊಂದು ತಗಲುವುದು ಸಹಜ. ಇದನ್ನು ಆ ಭಾಷೆಯ ಮಹಾಕವಿಯೇ ಬಲ್ಲನು. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ನಾಯಕನು ಕಪ್ಪುವರ್ಣದ ಸೇನಾಪತಿ. ಅವನನ್ನು ಮಗಳು ವರಿಸಿದಳೆಂದು ಕುದಿಯುವ ತಂದೆಗೆ ವೆನಿಸಿನ ದೊರೆಯು, ಗುಣವನ್ನು ನೋಡಿದರೆ ನಿನ್ನ ಅಳಿಯನು ಕಪ್ಪಿಗಿಂತ ಹೆಚ್ಚಾಗಿ ‘ಫೇರ್’ ಆಗಿದ್ದಾನೆ ಎಂಬ ಅಭಿಪ್ರಾಯದ ಮಾತನ್ನು ಹೇಳುತ್ತಾನೆ. ಇದು ಹೊಗಳಿಕೆಯೇನೋ ಸರಿ. ಆದರೆ ಒಳ್ಳೆಯವನನ್ನು ಹೊಗಳುವುದಕ್ಕೂ ಬಿಳುಪಿನ ಹೆಸರನ್ನೇ ಸಾಲ ತರಬೇಕಾಯಿತಲ್ಲ ಎಂಬುದನ್ನು ಓದುವವನು ಗಮನಿಸಬೇಕು. ಕಪ್ಪಾಗಿದ್ದೂ ಒಳ್ಳೆಯವನು ಎನ್ನುವ ಮಾತಿನಲ್ಲಿ ‘ಇದ್ದೂ’ ಎಂಬುದೇ ಮುಳ್ಳು.

ಇಂಗ್ಲಿಷರಿಗೆ ಮಳೆಯಿಲ್ಲದ ದಿನ ಸುಂದರ. ಅದು ಅವರ ದೇಶದ ಹವೆ. ನಮ್ಮ ಸೀಮೆಯ ಬೇಸಾಯಗಾರನು ಮುಂಗಾರಿನಲ್ಲಿ ಪಶ್ಚಿಮದ ಕಡೆಗೆ ನೋಡಿ ಕಾರ್ಮುಗಿಲು ಕವಿದರೆ ಹಿಗ್ಗುವನು. ಕೊಡಗಿನ ಬೆಟ್ಟಗಳ ಮೇಲೆ, ವಯನಾಡಿನ ಕಾಡುಗಳ ಮೇಲೆ ಆ ಕಪ್ಪು ಮುಗಿಲು ಇಳಿದರೆ ಕಾವೇರಿ ಕಪಿಲೆಗಳು ತುಂಬಿ ಬರುವುವು, ಇಲ್ಲವಾದರೆ ಇಲ್ಲ. ಮೇಘಶ್ಯಾಮನೆಂದು ರಾಮನನ್ನೂ ಕೃಷ್ಣನನ್ನೂ ಕರೆದವರು ಅವರ ಬಣ್ಣವನ್ನು ಕ್ಷಮಿಸಿ ಹಾಗೆ ಕರೆದವರಲ್ಲ. ಬಿಸಿಲಿನಿಂದ ಬೆಂದ ನೆಲದ ಜನರಿಗೆ ನೀರು ತುಂಬಿದ ಮುಗಿಲಿಗಿಂತ ಸುಂದರವಾದ ಬಣ್ಣ ಯಾವುದಿದ್ದೀತು? ದ್ರುಪದನ ಮಗಳು ‘ಕೃಷ್ಣೆ’; ಸ್ವಯಂವರಕ್ಕೆ ದೇಶದೇಶದ ರಾಜರು ನೆರೆದದ್ದು ಅವಳಿಗಾಗಿ. ಮಹಾಭಾರತವನ್ನು ರಚಿಸಿದ ಮಹರ್ಷಿಯೂ ಕೃಷ್ಣದ್ವೈಪಾಯನ. ಹಳ್ಳಿಗಳಲ್ಲಿ ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೆ ಹೆಸರಿಡುತ್ತಿದ್ದ ತಾಯಿತಂದೆಗಳು ಅದನ್ನು ಬೈಗುಳವೆಂದು ಭಾವಿಸಿರಲಿಲ್ಲ.

ಹಾಗೆಂದಮಾತ್ರಕ್ಕೆ ದೋಷವೆಲ್ಲ ಇಂಗ್ಲಿಷಿನದು, ನಾವು ನಿರ್ದೋಷಿಗಳು ಎಂದು ತೀರ್ಮಾನಿಸುವುದು ಸತ್ಯಕ್ಕೆ ದೂರ. ‘ವರ್ಣ’ ಎಂಬ ನಮ್ಮ ಶಬ್ದವೇ ಬಣ್ಣಕ್ಕೂ ಸಮಾಜದ ವಿಭಾಗಕ್ಕೂ ಹೆಸರಾಗಿದೆ. ಅಪಕೀರ್ತಿ ಬಂದವನಿಗೆ ಮುಖಕ್ಕೆ ಮಸಿ ಹತ್ತಿತೆನ್ನುತ್ತೇವೆ. ತೆರಿಗೆ ತಪ್ಪಿಸಿ ಕೂಡಿಟ್ಟ ಹಣ ಕಪ್ಪುಹಣ. ಕವಿಸಮಯದಲ್ಲಿ ಯಶಸ್ಸಿಗೆ ಬಿಳಿ, ಪಾಪಕ್ಕೆ ಕಪ್ಪು. ಈ ವಿಷಯದಲ್ಲಿ ವಿರಾಟಪರ್ವದ ಒಂದು ಪ್ರಸಂಗವು ಬಹಳ ಬೋಧಪ್ರದವಾಗಿದೆ. ಗುಡುಗಿದಾಗ ಮಕ್ಕಳಿಂದ ಹೇಳಿಸುತ್ತಿದ್ದ ಅರ್ಜುನನ ಹತ್ತು ಹೆಸರುಗಳು ವಾಚಕರಿಗೆ ತಿಳಿದೇ ಇವೆ. ಬನ್ನಿಯ ಮರದ ಬಳಿಯಲ್ಲಿ ಉತ್ತರಕುಮಾರನು ಅವುಗಳ ಅರ್ಥವನ್ನು ಕೇಳಲು ಪಾರ್ಥನು ಒಂದೊಂದನ್ನೂ ವಿವರಿಸುತ್ತಾನೆ. ಅರ್ಜುನ ಶಬ್ದಕ್ಕೆ ಬಿಳಿಯದು ಎಂದರ್ಥ. ತನ್ನಂಥ ಬಣ್ಣವು ಭೂಮಿಯಲ್ಲಿ ದುರ್ಲಭವೆಂದೂ, ತಾನು ಶುಭ್ರವಾದ ಕರ್ಮವನ್ನು ಮಾಡುವವನೆಂದೂ, ಅದರಿಂದ ಆ ಹೆಸರು ಬಂದಿತೆಂದೂ ಅವನು ಹೇಳುತ್ತಾನೆ. ಬಣ್ಣದಿಂದ ನಡತೆಗೆ ದಾಟುವ ಸೇತುವೆ ಇಲ್ಲಿಯೂ ಇದೆ. ಇಂಗ್ಲಿಷಿನ ‘ಫೇರ್’ ಮಾಡಿದ್ದನ್ನೇ ಸಂಸ್ಕೃತದ ‘ಅರ್ಜುನ’ವೂ ಮಾಡಿತು. ಆದರೆ ವಿಶೇಷವು ಮುಂದಿದೆ. ಅದೇ ಅರ್ಜುನನಿಗೆ ‘ಕೃಷ್ಣ’ ಎಂಬುದೂ ಒಂದು ಹೆಸರು. ಕಪ್ಪು ಮೈಯ ಬಾಲಕನಾದ ತನ್ನನ್ನು ತಂದೆಯು ಪ್ರೀತಿಯಿಂದ ಹಾಗೆ ಕರೆದನೆಂದು ಅವನೇ ವಿವರಿಸುತ್ತಾನೆ. ಬಿಳಿಯನೆಂಬ ಹೆಸರೂ ಕರಿಯನೆಂಬ ಹೆಸರೂ ಒಬ್ಬನಿಗೇ ಸಂದುವು: ಒಂದು ಮಾಡಿದ ಕೆಲಸಕ್ಕೆ, ಇನ್ನೊಂದು ತಂದೆಯ ಮುದ್ದಿಗೆ. ಮೈಬಣ್ಣವನ್ನು ನಡತೆಯ ಸಾಕ್ಷಿಯಾಗಿ ಕರೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಹೀಗಿದ್ದರೂ ನಮ್ಮ ಮನೆಗಳಲ್ಲಿ ನಡೆದದ್ದೇನು? ೧೯೭೫ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಮುಖಲೇಪನವು ಮಾರಾಟಕ್ಕೆ ಬಂದಿತು. ಕಪ್ಪಾಗಿದ್ದರೆ ವರನಿಲ್ಲ, ಉದ್ಯೋಗವಿಲ್ಲ. ಬೆಳ್ಳಗಾದರೆ ಎರಡೂ ಉಂಟು ಎಂಬ ಬಗೆಯ ಕಥೆಗಳನ್ನು ಹೇಳುವ ಜಾಹೀರಾತುಗಳಿಂದ ಅದು ಮನೆಮನೆಗೂ ಹಬ್ಬಿತು. ೨೦೨೦ರಲ್ಲಿ ಜಗತ್ತಿನ ಹಲವು ಕಡೆ ವರ್ಣಭೇದದ ವಿರುದ್ಧ ಜನರು ಎದ್ದಾಗ ಆ ಸಂಸ್ಥೆಯು ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದು ‘ಗ್ಲೋ’ ಎಂದು ಇಟ್ಟಿತು. ಶಬ್ದ ಹೋಯಿತು, ಡಬ್ಬಿ ಉಳಿಯಿತು. ಅಂಗಡಿಯವನನ್ನು ಮಾತ್ರ ದೂರಿ ಫಲವಿಲ್ಲ. ಕೊಳ್ಳುವವರ ಮನಸ್ಸಿನಲ್ಲಿ ಇದ್ದುದನ್ನೇ ಅವನು ಡಬ್ಬಿಯಲ್ಲಿ ಹಾಕಿ ಮಾರಿದನು. ಕಪ್ಪುಶಿಲೆಯ ವಿಗ್ರಹಕ್ಕೆ ಅಭಿಷೇಕ ಮಾಡಿ, ಶ್ಯಾಮಸುಂದರನೆಂದು ಸ್ತುತಿಸಿ, ಜಗಲಿಗೆ ಬಂದು ಕುಳಿತು ಬೆಳ್ಳಗಿರುವ ಸೊಸೆ ಬೇಕೆಂದು ಕಾಗದ ಬರೆಯುವ ಗೃಹಸ್ಥರು ನಮ್ಮಲ್ಲಿ ಕಡಮೆಯಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟುತ್ತದೆ. “ಬಣ್ಣವನ್ನು ಮೆಚ್ಚುವುದು ರುಚಿಯ ಮಾತು, ಒಬ್ಬನಿಗೆ ಮಾವು, ಒಬ್ಬನಿಗೆ ಹಲಸು. ರುಚಿಯಲ್ಲಿ ನ್ಯಾಯಾನ್ಯಾಯದ ಪ್ರಸಕ್ತಿ ಎಲ್ಲಿ?” ಎಂದು ಕೇಳಬಹುದು. ಸಮಾಧಾನ ಹೀಗೆ. ಹಲಸನ್ನು ಒಲ್ಲೆನೆಂದರೆ ಹಲಸಿಗೆ ದುಃಖವಿಲ್ಲ. ಮೇಲಾಗಿ ರುಚಿಯು ಪುರುಷನಿಂದ ಪುರುಷನಿಗೆ ಬೇರೆಯಾಗಿದ್ದರೆ ಅದನ್ನು ರುಚಿ ಎನ್ನಬಹುದು. ಊರಿಗೆ ಊರೇ ಒಂದೇ ರುಚಿಯನ್ನು ಹಿಡಿದು ನಿಂತರೆ ಅದು ರುಚಿಯಲ್ಲ, ಕಟ್ಟಳೆ. ಕಪ್ಪಗಿರುವ ಹೆಣ್ಣಿನ ತಂದೆಯು ಹೆಚ್ಚು ವರದಕ್ಷಿಣೆಯನ್ನು ತೆರಬೇಕಾಗಿ ಬಂದರೆ ಅದು ಸುಂಕ. ಅದೂ ತಾನು ಮಾಡದ, ತಿದ್ದಿಕೊಳ್ಳಲಾಗದ ಒಂದು ಸಂಗತಿಗಾಗಿ ತೆರುವ ಸುಂಕ. ಸುಂಕವೆಂದಮೇಲೆ ಅಲ್ಲಿ ನ್ಯಾಯದ ಪ್ರಶ್ನೆ ಬಂದೇ ಬಂದಿತು.

ಇನ್ನು ಈ ಶಬ್ದದ ಎರಡನೆಯ ಕೊಂಬೆಗೆ ಬರೋಣ. ಹಂಚುವಿಕೆಯ ಸಮಂಜಸತೆಯನ್ನು ಹೇಳುವ ಅರ್ಥದಲ್ಲಿ ‘ಫೇರ್’ ಎಂಬುದಕ್ಕೆ ನೇರವಾದ ಸಮಾನಪದವು ಇತರ ಭಾಷೆಗಳಲ್ಲಿಲ್ಲವೆಂದು ಆನಾ ವಿಯೆರ್ಜ್‌ಬಿಕಾ ಎಂಬ ವಿದುಷಿಯು ೨೦೦೬ರ ಗ್ರಂಥವೊಂದರಲ್ಲಿ ವಾದಿಸಿದ್ದಾರೆ. ಜರ್ಮನರು ಆ ಶಬ್ದವನ್ನೇ ಎತ್ತಿಕೊಂಡು ಬಳಸುತ್ತಾರೆ. ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ ೧೯೫೮ರ ಲೇಖನದಲ್ಲಿಯೂ ೧೯೭೧ರ ಮಹಾಗ್ರಂಥದಲ್ಲಿಯೂ ನ್ಯಾಯವೆಂದರೆ ‘ಫೇರ್‌ನೆಸ್’ ಎಂದು ಪ್ರತಿಪಾದಿಸಿದರು. ಇದನ್ನು ಕನ್ನಡಕ್ಕೆ ತಿರುಗಿಸಹೊರಟರೆ ನ್ಯಾಯವೆಂದರೆ ನ್ಯಾಯ ಎಂದಾಗಿ, ಹೇಳಿದ್ದೂ ಹೇಳದ್ದೂ ಒಂದೇ ಆಗುತ್ತದೆ. ನಮ್ಮ ‘ನ್ಯಾಯ’ವು ‘ನಿ’ ಉಪಸರ್ಗವು ಸೇರಿದ ‘ಇ’ ಧಾತುವಿನಿಂದ ಬಂದದ್ದು; ನಿರ್ಣಯಕ್ಕೆ ಒಯ್ಯುವ ಮಾರ್ಗವೆಂದು ಅದರ ಭಾವ. ಆದುದರಿಂದಲೇ ತರ್ಕಶಾಸ್ತ್ರವೂ ನ್ಯಾಯ, ಕಾಕತಾಲೀಯವೂ ನ್ಯಾಯ, ಕಚೇರಿಯ ತೀರ್ಪೂ ನ್ಯಾಯ. ಅದು ದೊಡ್ಡ ಪೀಠದ ಮೇಲೆ ಕುಳಿತ ಶಬ್ದ. ‘ಫೇರ್’ ಎಂಬುದಾದರೋ ಮಕ್ಕಳ ಆಟಕ್ಕೂ ಅಡಿಗೆಮನೆಗೂ ಇಳಿಯುವ ಶಬ್ದ.

ಅಡಿಗೆಮನೆಯ ಮಾತು ಬಂದುದರಿಂದ ನಮ್ಮಲ್ಲಿಯೇ ಇರುವ ಒಂದು ಶಬ್ದವನ್ನು ಜ್ಞಾಪಿಸುವುದು ಉಚಿತ. ಅದು ‘ಪಂಕ್ತಿಭೇದ’. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಬೇಕಾದವನಿಗೆ ತುಪ್ಪವನ್ನು ಸುರಿದು ಬೇಡವಾದವನಿಗೆ ತೊಟ್ಟಿಕ್ಕಿಸುವುದು ಪಂಕ್ತಿಭೇದ. ಅದು ಪಾಪವೆಂದು ನಮ್ಮ ಹಿರಿಯರು ಕಲಿಸಿದರು. ‘ಅನ್‌ಫೇರ್’ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಯಾವ ಭಾಷೆಯಲ್ಲಿಯೂ ಸಿಕ್ಕಲಾರದು. ಆದರೆ ಪಂಕ್ತಿಯೊಳಗಿನ ಭೇದವನ್ನು ಪಾಪವೆಂದ ನಾವು ಪಂಕ್ತಿಪಂಕ್ತಿಗಳ ಭೇದವನ್ನು ಆಚಾರವೆಂದೆವು. ಎಲೆಯ ಮುಂದೆ ಕುಳಿತವನಿಗೆ ಅನ್ಯಾಯವಾಗದಂತೆ ಎಚ್ಚರವಹಿಸಿ, ಅಂಗಳದಾಚೆ ನಿಂತವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ರಾಲ್ಸರ ವಿಚಾರವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಯಮ ಮಾಡುವವನು ತಾನು ಯಾವ ಎಲೆಯ ಮುಂದೆ ಕೂರುವೆನೋ, ಅಥವಾ ಅಂಗಳದಾಚೆಯೇ ನಿಲ್ಲುವೆನೋ ತಿಳಿಯದೆ ನಿಯಮ ಮಾಡಲಿ; ಆಗ ಹುಟ್ಟುವ ನಿಯಮವೇ ‘ಫೇರ್’ ಎಂದು ಅವರ ಅಭಿಪ್ರಾಯದ ಸಾರ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಭಾಗ ಮಾಡಿ ಚೀಟಿ ಎತ್ತುವ ಪದ್ಧತಿಯಲ್ಲಿ ಇರುವುದೂ ಇದೇ ಬುದ್ಧಿ: ಯಾವ ಭಾಗ ತನಗೆ ಬರುವುದೋ ತಿಳಿಯದವನು ಎಲ್ಲ ಭಾಗಗಳನ್ನೂ ಸರಿಯಾಗಿ ಮಾಡುತ್ತಾನೆ.

ಹಾಗಾದರೆ ಕನ್ನಡದಲ್ಲಿ ‘ಫೇರ್’ ಎಂಬುದಕ್ಕೆ ಸರಿಯಾದ ಶಬ್ದವಿಲ್ಲವೆ? ಉಂಟೆಂದು ನನ್ನ ಅಭಿಪ್ರಾಯ. ಅದು ‘ಒಪ್ಪು’. ಈ ಪುಟ್ಟ ಧಾತುವಿನ ಸಂಸಾರವನ್ನು ನೋಡಿರಿ. ಒಪ್ಪುವುದೆಂದರೆ ಹಳಗನ್ನಡದಲ್ಲಿ ಚೆಲುವಾಗಿ ಶೋಭಿಸುವುದು. ಅಕ್ಕಸಾಲಿಗನು ಒಡವೆಗೆ ಇಡುವುದು ಒಪ್ಪ. ಮನೆಯನ್ನು ಅಚ್ಚುಕಟ್ಟಾಗಿ ಇಡುವುದು ಒಪ್ಪ ಓರಣ. ‘ಫೇರ್ ಕಾಪಿ’ ಎಂಬುದು ಒಪ್ಪವಾದ ಪ್ರತಿಯಲ್ಲದೆ ಮತ್ತೇನು? ಸಮ್ಮತಿಯು ಒಪ್ಪಿಗೆ, ಇಬ್ಬರ ಸಮ್ಮತಿ ಒಪ್ಪಂದ. ವಿಜಯನಗರದ ಅರಸರ ಶಾಸನಗಳ ಕೊನೆಯಲ್ಲಿ ಶ್ರೀವಿರೂಪಾಕ್ಷ ಎಂದು ಕಾಣುವ ಸಹಿಯ ಹೆಸರೂ ಒಪ್ಪ. ಕಡೆಯದಾಗಿ, ತಪ್ಪಿಗೆ ಎದುರಾದದ್ದು ಒಪ್ಪು. ಚೆಲುವು, ಹೊಂದಿಕೆ, ಸಮ್ಮತಿ, ಸರಿತನ ನಾಲ್ಕೂ ಇಲ್ಲಿ ಒಂದೇ ಮನೆಯಲ್ಲಿವೆ. ತಮಿಳಿನ ‘ಒಪ್ಪು’ವಿಗೆ ಹೋಲಿಕೆ, ಸಮತೆ ಎಂಬ ಅರ್ಥಗಳೂ ಇವೆ. ಇಷ್ಟು ದೊಡ್ಡ ಸಂಸಾರದಲ್ಲಿ ಮೈಬಣ್ಣಕ್ಕೆ ಮಾತ್ರ ಸ್ಥಳವಿಲ್ಲ. ಕಪ್ಪಾದದ್ದೂ ಒಪ್ಪಬಹುದು, ಬಿಳಿಯದೂ ಒಪ್ಪದಿರಬಹುದು. ‘ಫೇರ್’ ಹುಟ್ಟಿದ ಕಡೆಯಲ್ಲಿಯೇ ಹುಟ್ಟಿ, ಅದು ದಾರಿತಪ್ಪಿದ ಕಡೆ ತಪ್ಪದೆ ಬಂದ ಶಬ್ದವಿದು.

ಮೇಲಾಗಿ ‘ಒಪ್ಪು’ ಎಂಬುದು ನ್ಯಾಯದ ವಿಷಯದಲ್ಲಿ ಒಂದು ಪರೀಕ್ಷೆಯನ್ನೂ ಒದಗಿಸುತ್ತದೆ: ಯಾರು ಒಪ್ಪಿದರು? ಇದನ್ನು ನಮ್ಮ ನದಿಯ ವಿಷಯದಲ್ಲಿಯೇ ನೋಡಬಹುದು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿಗೆ ಸೋಸಲೆಯು ಬಹುದೂರವಲ್ಲ. ಈ ನೀರನ್ನು ಕುರಿತು ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿ ಒಂದು, ೧೯೨೪ರಲ್ಲಿ ಒಂದು ಒಪ್ಪಂದವಾದುವು. ಕನ್ನಡಿಗರೂ ತಮಿಳರೂ ಅವನ್ನು ಕರೆಯುವುದು ಇದೇ ಶಬ್ದದಿಂದ. ಒಂದು ಕಡೆ ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತ, ಇನ್ನೊಂದು ಕಡೆ ಅವರ ಅಧೀನದ ಸಂಸ್ಥಾನ. ಒಪ್ಪಂದವೇನೋ ಆಯಿತು, ಒಪ್ಪಿಗೆ ಇತ್ತೇ ಎಂಬುದು ಮೇಲ್ಗಡೆಯವರ ಪ್ರಶ್ನೆ. ತಲೆತಲಾಂತರದಿಂದ ಉಳುತ್ತಿರುವ ಗದ್ದೆಗೆ ನೀರು ತಪ್ಪಿದರೆ ತಾವು ಒಪ್ಪುವುದೆಂತು ಎಂಬುದು ಕೆಳಗಡೆಯವರ ಪ್ರಶ್ನೆ. ೧೯೯೦ರಲ್ಲಿ ನ್ಯಾಯಮಂಡಲಿಯಾಗಿ, ೨೦೦೭ರಲ್ಲಿ ಅದರ ಅಂತಿಮ ತೀರ್ಪು ಬಂದು, ೨೦೧೮ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿತು. ಹಳೆಯ ಒಪ್ಪಂದಗಳು ಅನ್ಯಾಯದವೆಂಬ ಕರ್ನಾಟಕದ ವಾದವನ್ನು ಅದು ಅಂಗೀಕರಿಸಲಿಲ್ಲ. ಆದರೆ ೧೯೨೪ರದು ಐವತ್ತು ವರ್ಷಗಳ ಬಳಿಕ ಮುಗಿಯಿತೆಂದಿತು. ಕರ್ನಾಟಕದ ಪಾಲಿಗೆ ೧೪.೭೫ ಟಿ.ಎಂ.ಸಿ. ಅಡಿ ನೀರನ್ನು ಹೆಚ್ಚಿಸಿ, ಅದರಲ್ಲಿ ೪.೭೫ನ್ನು ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ನೋಡಿ ಕೊಟ್ಟಿತು. ಪಾಲು ಸಮಾನವೇ ಎಂದು ಮಾತ್ರ ಕೇಳದೆ ಬಾಯಾರಿದವನು ಯಾರೆಂದೂ ಕೇಳಿದಂತಾಯಿತು. ಸಮಾನವೂ ಸಮಂಜಸವೂ ಒಂದೇ ಅಲ್ಲ. ಕೆರೆಯ ನೀರುಗಂಟಿಯು ಎಲ್ಲ ಗದ್ದೆಗೂ ಒಂದೇ ಹೊತ್ತು ನೀರು ಬಿಟ್ಟರೆ ಅದು ಸಮಾನ. ಕೊನೆಯ ಗದ್ದೆಗೆ ನೀರು ಹರಿದು ಮುಟ್ಟುವ ಹೊತ್ತನ್ನೂ ಎಣಿಸಿಕೊಂಡರೆ ಸಮಂಜಸ. ಕೊನೆಯ ಗದ್ದೆಯವನೂ ಒಪ್ಪುವಂತೆ ಇರುವುದೇ ‘ಫೇರ್’.

ಈ ಪರೀಕ್ಷೆಯನ್ನು ವಿವಾಹದ ಚಾವಡಿಗೂ ತರಬೇಕು. ಅಲ್ಲಿಯೂ ಒಪ್ಪು ಶಬ್ದವೇ ನಡೆಯುತ್ತದೆ. ಹೆಣ್ಣನ್ನು ನೋಡಿ ಒಪ್ಪಿದರು ಎನ್ನುತ್ತೇವೆ. ಮದುವೆಯ ಕೊನೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ಮಾಡುತ್ತೇವೆ. ಒಪ್ಪಿದವರು ಅವರು, ಒಪ್ಪಿಸಿದವರು ಇವರು. ಕಾಫಿಯ ತಟ್ಟೆಯನ್ನು ಹಿಡಿದು ಬಂದು ಎಲ್ಲರ ಕಣ್ಣಿನಿಂದಲೂ ಅಳೆಯಿಸಿಕೊಂಡು ಒಳಕ್ಕೆ ಹೋದ ಆ ಹುಡುಗಿಯು ಒಪ್ಪಿದಳೇ ಎಂದು ಕೇಳುವ ವಾಕ್ಯವು ನಮ್ಮ ಸಂಭಾಷಣೆಯಲ್ಲಿ ಈಗ ಕೆಲವು ಮನೆಗಳಲ್ಲಿ ಕೇಳಿಬರುತ್ತಿದೆ. ಅದು ಎಲ್ಲ ಮನೆಗಳಲ್ಲಿಯೂ ಕೇಳಿಬರಬೇಕು. ಬಣ್ಣವನ್ನು ನೋಡಿ ತಿರಸ್ಕರಿಸಿದವರು ಅವಳಿಗೆ ಒಂದು ವರವನ್ನು ತಪ್ಪಿಸಿದ್ದು ದೊಡ್ಡದಲ್ಲ, ಅಂಥ ವರ ತಪ್ಪಿದ್ದೇ ಒಳ್ಳೆಯದಾಗಿರಬಹುದು; ತಾನೇ ಒಂದು ತಪ್ಪು ಎಂಬ ಭಾವನೆಯನ್ನು ಅವಳ ಮನಸ್ಸಿನಲ್ಲಿ ಇಟ್ಟುಹೋದರಲ್ಲ, ಅದು ದೊಡ್ಡದು. ಆ ವಿದ್ಯಾರ್ಥಿನಿಗೆ ನಾನು ಅಂದು ಸಂಕ್ಷೇಪವಾಗಿ ಹೇಳಿದ ಉತ್ತರವೂ ಇದೇ: ನಿಮ್ಮಕ್ಕನ ಬಣ್ಣವು ಅವಳ ಕೃತ್ಯವಲ್ಲ, ಬಂದವರ ಮಾತು ಅವರ ಕೃತ್ಯ. ತಪ್ಪೊಪ್ಪುಗಳು ಕೃತ್ಯಕ್ಕೆ ಸೇರಿದುವು.

ಶಬ್ದಗಳನ್ನು ಗಡಿಯಲ್ಲಿ ತಡೆದು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿಲ್ಲ. ನಿಲ್ಲಿಸಬೇಕೆಂಬುದೂ ನನ್ನ ಮತವಲ್ಲ. ಆದರೆ ಬಂದವನು ಯಾವ ಕೋಣೆಯಲ್ಲಿ ಕೂರಬೇಕೆಂದು ಹೇಳುವ ಅಧಿಕಾರ ಮನೆಯವರಿಗೆ ಉಂಟು. ಬರವಣಿಗೆಯಲ್ಲಿ ‘ಫೇರ್’ ಎಂಬುದನ್ನು ಒಪ್ಪವಾದದ್ದೆನ್ನೋಣ, ಹಂಚಿಕೆಯಲ್ಲಿ ಸಮಂಜಸವೆನ್ನೋಣ, ಬೆಲೆಯಲ್ಲಿ ನ್ಯಾಯವೆನ್ನೋಣ, ಹುಡುಗನ ಪ್ರಗತಿಯಲ್ಲಿ ಸುಮಾರು ಎನ್ನೋಣ. ಮೈಯನ್ನು ವರ್ಣಿಸಬೇಕಾದರೆ ಕಪ್ಪು, ಕೆಂಪು, ಗೋದಿಬಣ್ಣ, ಎಣ್ಣೆಗೆಂಪು ಎಂದು ಇದ್ದುದನ್ನು ಇದ್ದಂತೆ ಹೇಳುವ ಶಬ್ದಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿಗೆ ನ್ಯಾಯದ ಹೆಸರನ್ನು ಹೊತ್ತ ಶಬ್ದವನ್ನು ಕ್ಷಣಮಾತ್ರವೂ ಕರೆಯಬೇಕಾಗಿಲ್ಲ. ಮುಂದಿನ ಸಲ ವಿವಾಹದ ಪ್ರಕಟನೆಯನ್ನು ಬರೆಯಲು ಕುಳಿತ ಗೃಹಸ್ಥರು ಆ ಒಂದು ಪದವನ್ನು ಬರೆಯುವ ಮೊದಲು ಲೇಖನಿಯನ್ನು ಸ್ವಲ್ಪ ಹಿಡಿದು, ಅದನ್ನು ಓದುವ ಹೆಣ್ಣುಮಕ್ಕಳು ಯಾರುಯಾರೆಂದು ಆಲೋಚಿಸಿದರೆ ಈ ಲೇಖನದ ಶ್ರಮವು ಸಾರ್ಥಕ.